ಬಸ್ಸಿನಲ್ಲಿದ್ದವರನ್ನೂ ಮರೆಯಬೇಡಿ, ಅವನನ್ನೂ ಸಾಯಲು ಕಳಿಸಬೇಡಿ

ಸರ್ಕಾರವನ್ನು ಎದುರು ಹಾಕಿಕೊಂಡು, ಜೀವಭಯದಿಂದ ಬೇರೆ ದೇಶಕ್ಕೆ ಓಡಿಬಂದವರಿಗೆ ಆಶ್ರಯ ಕೊಡಬೇಕು ಅಂತ ನಾವೆಲ್ಲ ಒಪ್ಪುತ್ತೇವೆ. ಆದರೆ ಹಾಗೆ ಬಂದವನೇ ತನ್ನ ಊರಲ್ಲಿ ಯಾರಿಗೋ ಹೊಡೆದು, ಬೆಂಕಿ ಹಚ್ಚಿ ಬಂದಿದ್ದರೆ?

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಒಬ್ಬ ವಿದ್ಯಾರ್ಥಿಯ ಕೇಸು ಇದೆ. ಅಲ್ಲಿ ವಿದ್ಯಾರ್ಥಿಗಳ ಕೊಲೆಯಾಗುತ್ತಿತ್ತು, ಎಷ್ಟೋ ಜನ ಕಾಣೆಯಾಗುತ್ತಿದ್ದರು. ಸರ್ಕಾರ ತನಿಖೆ ಮಾಡಲಿಲ್ಲ. ಸಾಲದ್ದಕ್ಕೆ ಬಸ್ ದರ ಬೇರೆ ಜಾಸ್ತಿ. ಇವನೂ ಜೊತೆಗಾರರೂ ಬೀದಿಗಿಳಿದರು. ಬಸ್ ತಡೆದು, ಜನರನ್ನು ಇಳಿಸಿ, ಬೆಂಕಿ ಇಟ್ಟರು. ಸುಮಾರು 10 ಬಸ್ ಸುಟ್ಟರು. ಇಳಿಯಲ್ಲ ಅಂದ ಪ್ರಯಾಣಿಕರಿಗೆ ಕಲ್ಲೇಟು, ದೊಣ್ಣೆ ಏಟು ಬಿತ್ತು. ಕೆಲವರನ್ನು ಕಟ್ಟಿಹಾಕಿದ್ದೂ ಉಂಟು. ಆಮೇಲೆ ಬೆದರಿಕೆಗೆ ಹೆದರಿ ಅವನು ಅಮೆರಿಕ ಸೇರಿದ. ಇದೆಲ್ಲ ವಿಚಾರಣೆಯಲ್ಲಿ ಅವನ ಬಾಯಿಂದಲೇ ಬಂದದ್ದು.

ಆಶ್ರಯ ಕೇಳುವ ದೇಶದ ಹೊರಗೆ ಗಂಭೀರವಾದ, ರಾಜಕೀಯವಲ್ಲದ ಅಪರಾಧ ಮಾಡಿ ಬಂದವರಿಗೆ 1951ರ ನಿರಾಶ್ರಿತರ ಒಪ್ಪಂದ ರಕ್ಷಣೆ ಕೊಡುವುದಿಲ್ಲ. ಉದ್ದೇಶ ರಾಜಕೀಯ ಅಂದರೆ ಸಾಕಾ? ಖಂಡಿತ ಸಾಲದು. ಅಲ್ಜೀರಿಯಾದ ಅಲ್ಜಿಯರ್ಸ್ ವಿಮಾನ ನಿಲ್ದಾಣದ ಬಾಂಬಿಗೆ 10 ಜನ ಸತ್ತ ಕೇಸಿನಲ್ಲಿ, ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 1996ರಲ್ಲಿ ಹೇಳಿದ್ದೂ ಅದನ್ನೇ. ಏಟು ಬಿದ್ದದ್ದು ಸರ್ಕಾರಕ್ಕೋ, ಸೈನ್ಯಕ್ಕೋ ಅಥವಾ ದಾರಿಹೋಕರಿಗೋ ಅಂತ ನೋಡಬೇಕು. ನನಗೆ ಇದು ಸರಿ ಅನ್ನಿಸುತ್ತದೆ. ಬಸ್ಸಿನಲ್ಲಿ ಕೂತವರು ಯಾರನ್ನೂ ಕೊಂದಿರಲಿಲ್ಲ, ಅಲ್ವಾ?

ಆದರೆ ಆ ಗ್ವಾಟೆಮಾಲಾ ವಿದ್ಯಾರ್ಥಿಯ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1999ರ ಮೇ ತಿಂಗಳಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ವಾಪಸ್ ಕಳಿಸಿದರೆ ಅವನಿಗೇನಾಗುತ್ತದೆ ಅನ್ನುವುದನ್ನೂ ಅಪರಾಧದ ಜೊತೆ ಇಟ್ಟು ತೂಗಿ ಅಂತ ಕೆಳಗಿನ ಕೋರ್ಟು ಹೇಳಿತ್ತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಕೈಪಿಡಿಯೂ ಹಾಗೇ ಹೇಳುತ್ತದೆ. ಆ ತೂಕ ಬೇಕಿಲ್ಲ ಅಂತ ಎಲ್ಲ 9 ನ್ಯಾಯಮೂರ್ತಿಗಳೂ ಒಂದೇ ಮಾತು ಹೇಳಿದರು. ಇದನ್ನು ನನಗೆ ಒಪ್ಪೋಕೆ ಆಗಲ್ಲ. ಅದೇ ವರ್ಷ ಫೆಬ್ರವರಿಯಲ್ಲಷ್ಟೇ ಗ್ವಾಟೆಮಾಲಾದ ಸತ್ಯಶೋಧನಾ ಆಯೋಗದ ವರದಿ ಬಂದಿತ್ತು. ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಜಾಸ್ತಿ. ದಾಖಲಾದ ದೌರ್ಜನ್ಯಗಳಲ್ಲಿ ಶೇ. 93 ಸರ್ಕಾರದ ಪಡೆಗಳು ಮತ್ತು ಅವುಗಳ ಬೆಂಬಲಿಗರು ಮಾಡಿದ್ದು. ಅಂಥ ಜಾಗಕ್ಕೆ ಒಬ್ಬನನ್ನು ಕಳಿಸುವಾಗ ಅಲ್ಲಿ ಏನು ಕಾದಿದೆ ಅಂತ ನೋಡದೆ ಇರುವುದು ಹೇಗೆ?

ಅವನಿಗೆ ಆಶ್ರಯ ಕೊಡದಿದ್ದರೆ ನನ್ನ ತಕರಾರಿಲ್ಲ. ಆದರೆ ಆಶ್ರಯ ಇಲ್ಲ ಅನ್ನುವುದೇ ಬೇರೆ, ಸಾಯುವ ಕಡೆ ಕಳಿಸುವುದೇ ಬೇರೆ. 1984ರ ಚಿತ್ರಹಿಂಸೆ ವಿರೋಧಿ ಒಪ್ಪಂದ ಈ ವಿಷಯದಲ್ಲಿ ಗಟ್ಟಿಯಾಗಿದೆ. ಏನೇ ತಪ್ಪು ಮಾಡಿರಲಿ, ಚಿತ್ರಹಿಂಸೆ ಕಾದಿರುವ ಕಡೆಗೆ ಯಾರನ್ನೂ ಕಳಿಸುವಂತಿಲ್ಲ. ಚಿತ್ರಹಿಂಸೆಗೆ ಇರುವ ಈ ತಡೆ, ಗುಂಡಿಟ್ಟು ಕೊಲ್ಲುವ ಭಯ ಇದ್ದಾಗಲೂ ಅಷ್ಟೇ ಗಟ್ಟಿಯಾಗಿ ಇರಬೇಕು.