ಸ್ಕಾ ಕೇಳೋಕೆ ಶುರು ಮಾಡಲು ಸ್ಪೆಷಲ್ಸ್ ಬ್ಯಾಂಡ್ ಸಾಕು

ಸ್ಕಾ ಅನ್ನುವ ಸಂಗೀತ ಶೈಲಿಯನ್ನು ಯಾವ ಬ್ಯಾಂಡ್‌ನಿಂದ ಕೇಳಲು ಶುರು ಮಾಡಬೇಕು ಅಂತ ಒಂದು ಲೇಖನದ ಕೆಳಗೆ ಚರ್ಚೆ ನಡೆದಿದೆ. ರಾಕ್‌ಗೆ ಟ್ರಂಪೆಟ್ ಸೇರಿಸಿದರೆ ಸ್ಕಾ ಆಗುತ್ತದೆ ಅನ್ನುವ ಆ ಲೇಖನದ ಮಾತನ್ನು ನಾನು ಒಪ್ಪುವುದಿಲ್ಲ. ಸ್ಕಾ ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಗೆ. ಅಲ್ಲಿನ ಮೆಂಟೊ ಅನ್ನುವ ಜನಪದ ಸಂಗೀತ, ಅಮೆರಿಕದ ಜಾಝ್, ರಿದಮ್ ಆ್ಯಂಡ್ ಬ್ಲೂಸ್ ಎಲ್ಲ ಬೆರೆತು ಬಂದದ್ದು. 1964ರ ಸ್ಕಾಟಲೈಟ್ಸ್ ಬ್ಯಾಂಡ್ ಕೇಳಿ, ಡಾನ್ ಡ್ರಮಂಡ್ ಅವರ ಟ್ರಾಂಬೋನ್ ಒಂದೇ ಸಾಕು.

ಸ್ಕಾದ ಜೀವ ಇರುವುದು ಗಿಟಾರ್‌ನಲ್ಲಿ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ಹೋಗಿ. ಗಿಟಾರ್ ಆ ಅಂಕಿಗಳ ಮೇಲೆ ಬೀಳುವುದಿಲ್ಲ, ಅವುಗಳ ನಡುವೆ 'ಚಕ್' ಅಂತ ಬೀಳುತ್ತದೆ. ತಂತಿ ಮೀಟಿದ ಕೂಡಲೇ ಎಡಗೈ ಬೆರಳು ಸಡಿಲಿಸಿ ದನಿ ಕತ್ತರಿಸುತ್ತಾರೆ. ಕಾಲು ತಾನಾಗೇ ಕುಣಿಯೋದು ಅದಕ್ಕೇ ಅಲ್ವಾ?

ಮೊದಲು ಕೇಳಬೇಕಾದ ಬ್ಯಾಂಡ್ ಅಂತ ಇಲ್ಲಿ ತುಂಬಾ ಜನ ಮ್ಯಾಡ್‌ನೆಸ್ ಅಂದಿದ್ದೀರಿ. ಒಳ್ಳೆಯ ಬ್ಯಾಂಡೇ, ಆದರೆ ನನ್ನ ಓಟು ಇಂಗ್ಲೆಂಡಿನ ಕಾವೆಂಟ್ರಿಯ ಸ್ಪೆಷಲ್ಸ್‌ಗೆ. ವರ್ಣದ್ವೇಷ ಬೀದಿಗಿಳಿದಿದ್ದ ಹೊತ್ತಲ್ಲಿ ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ನಿಂತು ಹಾಡಿದವರು ಅವರು. ನಿರುದ್ಯೋಗದಿಂದ ಸೊರಗಿದ ಊರಿನ ಮೇಲೆ ಅವರು ಮಾಡಿದ ಹಾಡು 1981ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯ್ತು. ಇವತ್ತಿಗೂ ಅದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಪಂಕ್ ರಾಕ್ ಜಾಸ್ತಿ ಕೇಳುವವರು ಆಪರೇಷನ್ ಐವಿ ಅನ್ನುವ ಬ್ಯಾಂಡ್ ಹಿಡಿಯಿರಿ. 1989ರಲ್ಲಿ ಒಂದೇ ಒಂದು ಸ್ಟುಡಿಯೋ ಆಲ್ಬಂ ಕೊಟ್ಟು ಬೇರೆಯಾದರು. ಅದರ ಇಬ್ಬರು ಆಮೇಲೆ ರ‍್ಯಾನ್ಸಿಡ್ ಅನ್ನುವ ಬ್ಯಾಂಡ್ ಕಟ್ಟಿದರು. ಆ ಬ್ಯಾಂಡಿನಲ್ಲಿ ಮ್ಯಾಟ್ ಫ್ರೀಮನ್ ಬೇಸ್ ಗಿಟಾರ್ ನುಡಿಸುವುದನ್ನು ಹೆಡ್‌ಫೋನ್ ಹಾಕಿಯೇ ಕೇಳಿ.