ಮುದ್ದೆ ತಿರುವುವವರು ಯಾರು?

ಒಂದು ಮನೆಗೆ ತಿಂಗಳಿಗೆ ಎಷ್ಟು ರಾಗಿ ಬೇಕು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ, ಅಲ್ಲಿ ಮುದ್ದೆ ತಿರುವುವವರು ಯಾರು? ಅರ್ಥಶಾಸ್ತ್ರದ ಪುಸ್ತಕದಲ್ಲಿ ಒಂದು ಪದಾರ್ಥಕ್ಕೆ ಬೇಡಿಕೆ ಎಷ್ಟು ಅನ್ನುವುದು ಯಾವುದರ ಮೇಲೆ ನಿಂತಿದೆ ಅನ್ನುವುದಕ್ಕೆ ಬೆಲೆ, ಆದಾಯ, ಅಭಿರುಚಿ ಅಂತ ಪಟ್ಟಿ ಇರುತ್ತದೆ. ರಟ್ಟೆ ಅಂತ ಎಲ್ಲೂ ಇಲ್ಲ.

ಕುಕ್ಕರಿಗೆ ಅಕ್ಕಿ ಹಾಕಿಟ್ಟರೆ ಮೂರು ವಿಸಿಲ್ ಕೂಗುವಷ್ಟರಲ್ಲಿ ಮಗುವಿನ ಹೋಂವರ್ಕ್ ನೋಡಬಹುದು, ಸುಮ್ನೆ ಫೋನ್ ಹಿಡಿದು ಕೂರಬಹುದು. ಮುದ್ದೆ ಹಾಗೆ ಬಿಡುವುದಿಲ್ಲ. ಎಸರು ಮರಳಬೇಕು, ಹಿಟ್ಟು ಸುರಿದು ಬೇಯುವ ತನಕ ಕಾಯಬೇಕು, ಆಮೇಲೆ ಪಾತ್ರೆಯನ್ನು ಅಲ್ಲಾಡದಂತೆ ಹಿಡಿದು ಕೋಲಿನಲ್ಲಿ ಗಂಟಾಗದ ಹಾಗೆ ತಿರುವಬೇಕು, ಕೈ ಒದ್ದೆ ಮಾಡಿಕೊಂಡು ಸುಡುಸುಡು ಇರುವಾಗಲೇ ಕಟ್ಟಬೇಕು, ತಿನ್ನುವವರೂ ಅಷ್ಟು ಹೊತ್ತಿಗೆ ಬಂದು ಕೂತಿರಬೇಕು. ಎಂಟಕ್ಕೊಬ್ಬರು, ಹತ್ತೂವರೆಗೊಬ್ಬರು ಉಣ್ಣುವ ಮನೆಯಲ್ಲಿ ರಾಗಿ ಖರ್ಚಾಗುವುದು ಕಷ್ಟ. ನಮ್ಮಲ್ಲಂತೂ ಊರಿಂದ ಅಮ್ಮ ಬಂದರೆ ಮಾತ್ರ ಹಿಟ್ಟಿನ ಡಬ್ಬ ಬೇಗ ಖಾಲಿ.

ಬೆಲೆಗೆ ಲೆಕ್ಕವೇ ಇಲ್ಲ ಅಂತಲ್ಲ. 2013ರಲ್ಲಿ ಅನ್ನಭಾಗ್ಯ ಬಂದು ಕೆಜಿಗೆ ಒಂದು ರೂಪಾಯಿಯಂತೆ ಅಕ್ಕಿ ಸಿಕ್ಕಿದಾಗ ಯಾರು ಬೇಡ ಅಂತಾರೆ? ಹಬ್ಬಕ್ಕೆ ಮಾತ್ರ ಅನ್ನ ಅನ್ನುವ ಕಾಲ ಅದಕ್ಕೂ ಮುಂಚೆಯೇ ಮುಗಿದಿತ್ತು ಬಿಡಿ. ಆದರೆ ಬಡವರ ಊಟ ಅನ್ನಿಸಿಕೊಂಡಿದ್ದ ರಾಗಿಗೆ 2025-26ರಲ್ಲಿ ಕ್ವಿಂಟಲಿಗೆ 4,886 ರೂಪಾಯಿ ಬೆಂಬಲ ಬೆಲೆ, ಸಾಮಾನ್ಯ ಭತ್ತಕ್ಕೆ 2,369. ಭತ್ತ ಅಕ್ಕಿಯಾಗುವಾಗ ಸುಮಾರು ಮೂರರಲ್ಲೊಂದು ಪಾಲು ಹೊಟ್ಟು, ತೌಡು ಅಂತ ಹೋಗುತ್ತದೆ, ಅದನ್ನು ಕಳೆದು ನೋಡಿದರೂ ರಾಗಿಯೇ ದುಬಾರಿ.

ತಮಾಷೆ ಏನೆಂದರೆ, ಕೈಯಲ್ಲಿ ನಾಲ್ಕು ಕಾಸು ಆಡಿದಾಗ ರಾಗಿ ಬಿಟ್ಟವರು, ಇನ್ನೂ ನಾಲ್ಕು ಕಾಸು ಜಾಸ್ತಿಯಾಗಿ ಜೊತೆಗೆ ಶುಗರೂ ಬಂದ ಮೇಲೆ ವಾಪಸ್ ಬಂದಿದ್ದಾರೆ. ಇವರಲ್ಲಿ ಕೋಲು ಹಿಡಿಯುವವರು ಕಡಿಮೆ. ಪ್ಯಾಕೆಟ್ ಹಿಟ್ಟು, ರಾಗಿ ದೋಸೆ, ಇಲ್ಲವೇ ಮುದ್ದೆ ಊಟದ ಹೋಟೆಲು. ಎರಡು ಮುದ್ದೆ ಇಳಿಸಿ ಮೇಲೊಂದು ತಟ್ಟೆ ಅನ್ನ ಉಂಡರೆ ಡಾಕ್ಟರ್ ತಾನೇ ಏನು ಮಾಡ್ತಾರೆ, ಪಾಪ.

ಸಾರಿನ ಮಾತೂ ಇದೆ. ಡಿಸೆಂಬರಿನಲ್ಲಿ ಸೊಗಡಿನ ಅವರೆಕಾಯಿ ಬಂದರೆ ಎಂಥ ಸೋಮಾರಿಗೂ ಮುದ್ದೆ ತಿರುವುವ ಹುಮ್ಮಸ್ಸು ಬರುತ್ತದೆ. ಬಸ್ಸಾರು, ಉಪ್ಸಾರು, ಹುರುಳಿಕಾಳು ಸಾರು ಇದ್ದ ದಿನವೂ ಅಷ್ಟೇ. ತಿಳಿಸಾರಿಗೆ ಮುದ್ದೆ ಮಾಡುವವರನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ.

ಇಷ್ಟೆಲ್ಲ ಆದರೂ ಮಕ್ಕಳು ತಿನ್ನಬೇಕಲ್ವಾ. ಮುದ್ದೆ ಅಗಿಯುವುದಲ್ಲ, ನುಂಗುವುದು. ಚಿಕ್ಕಂದಿನಲ್ಲೇ ಅದು ಅಭ್ಯಾಸ ಆಗದಿದ್ದರೆ ದೊಡ್ಡವರಾದ ಮೇಲೆ ಬಬಲ್ ಗಮ್ಮಿನ ಹಾಗೆ ಜಗಿಯುತ್ತಾ ಕೂರುತ್ತಾರೆ, ಮುಂದೆ ಅವರ ಮನೆಗೆ ಸರ್ಕಾರ ಪುಕ್ಕಟೆ ರಾಗಿ ಕೊಟ್ಟರೂ ಚೀಲ ಬಿಚ್ಚುವವರಿರುವುದಿಲ್ಲ. ನಮ್ಮ ಮಗ ಸದ್ಯಕ್ಕೆ ಅರ್ಧ ಮುದ್ದೆ ನುಂಗುತ್ತಾನೆ, ಅದೂ ಕೋಳಿ ಸಾರು ಇದ್ದರೆ.