ಹೈಜಿನಿಸ್ಟ್ ಕೋರ್ಸು ಮಾಡಿಸಿ, ಆದರೆ ಬಿಡಿಎಸ್ ಸೀಟಿನ ಆಸೆಗೆ ಬೇಡ

ನೀಟ್ ರಿಸಲ್ಟ್ ಬಂತು ಅಂದರೆ ನಮ್ಮ ಕೊಡಗಿನಲ್ಲಿ ಒಂದು ಸಲಹೆ ಮನೆಯಿಂದ ಮನೆಗೆ ಓಡಾಡಲು ಶುರುವಾಗುತ್ತದೆ. "ಬಿಡಿಎಸ್ ಸಿಗಲಿಲ್ವಾ? ತಲೆ ಕೆಡಿಸ್ಕೋಬೇಡಿ. ಮೊದಲು ಡೆಂಟಲ್ ಹೈಜಿನಿಸ್ಟ್ ಡಿಪ್ಲೊಮಾಕ್ಕೆ ಹಾಕಿ. ಎರಡು ವರ್ಷ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮುಗಿಯುತ್ತೆ. ಅಲ್ಲಿಂದ ಡಾಕ್ಟರ್ ಓದಿಗೆ ಸುಲಭ." ಮದುವೆ ಮನೆಯ ಊಟದ ಸಾಲಿನಲ್ಲಿ ಒಬ್ಬರು ಹೇಳುತ್ತಾರೆ, ಗೋಣಿಕೊಪ್ಪದ ಸಂತೆಯಲ್ಲಿ ಇನ್ನೊಬ್ಬರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಆದರೆ ಇದನ್ನು ನಂಬಿ ಫೀಸು ಕಟ್ಟುವವರು ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಹಲ್ಲಿನ ಡಾಕ್ಟರ್, ವಿರಾಜಪೇಟೆ ಕಡೆ ಸಣ್ಣ ಕ್ಲಿನಿಕ್ ಇದೆ.

ಹೈಜಿನಿಸ್ಟ್ ಅಂದರೆ ಡೆಂಟಿಸ್ಟ್ ಕೈಕೆಳಗೆ ಹಲ್ಲು ಕ್ಲೀನ್ ಮಾಡುವವರು, ಬಿಡಿಎಸ್ ಅಂದರೆ ಹಲ್ಲಿನ ಡಾಕ್ಟರ್ ಆಗುವ ಡಿಗ್ರಿ. ಹೈಜಿನಿಸ್ಟ್ ಕೋರ್ಸು ಒಳ್ಳೆಯದು. ಬಿಡಿಎಸ್‌ಗೆ ಒಳದಾರಿ ಅಂತ ಅದನ್ನು ಮಾರುತ್ತಾರಲ್ಲ, ನನ್ನ ತಕರಾರು ಅದರ ಮೇಲೆ.

ನಿಯಮ ಹೀಗಿದೆ. ಹೈಜಿನಿಸ್ಟ್ ಡಿಪ್ಲೊಮಾ 2 ವರ್ಷದ್ದು. ಸೈನ್ಸ್ ಪಿಯುಸಿ ಪಾಸಾದವರು ಸೇರಬಹುದು, ನೀಟ್ ಬೇಡ. ಬಿಡಿಎಸ್ 5 ವರ್ಷ. ಅದರಲ್ಲಿ 4 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ಅದಕ್ಕೆ ನೀಟ್ ಬೇಕೇ ಬೇಕು. ಸರ್ಕಾರಿ ಸೀಟಾಗಲಿ, ಮ್ಯಾನೇಜ್‌ಮೆಂಟ್ ಸೀಟಾಗಲಿ, ಎನ್‌ಆರ್‌ಐ ಸೀಟಾಗಲಿ, ನೀಟ್ ದಾಟದೆ ಒಳಗೆ ಹೋಗುವ ಹಾಗಿಲ್ಲ. ಕೈಯಲ್ಲಿ ಡಿಪ್ಲೊಮಾ ಇದೆ ಅಂತ ಒಂದು ಅಂಕವೂ ಜಾಸ್ತಿ ಬರುವುದಿಲ್ಲ. ಎರಡನೇ ವರ್ಷಕ್ಕೆ ನೇರವಾಗಿ ಸೇರಿಸಿಕೊಳ್ಳುವುದೂ ಇಲ್ಲ. ಅಂದರೆ ಡಿಪ್ಲೊಮಾ ಮುಗಿಸಿದ ಹುಡುಗಿ ಎರಡು ವರ್ಷದ ನಂತರ ಮತ್ತೆ ಅದೇ ನೀಟ್ ಬರೆಯಬೇಕು, ಪಿಯುಸಿ ಮುಗಿಸಿ ಬಂದ ಹೊಸ ಮಕ್ಕಳ ಪಕ್ಕದಲ್ಲಿ ಕೂತು.

ಆ ಪರೀಕ್ಷೆಯಲ್ಲಿ ಏನಿರುತ್ತದೆ? 180 ಪ್ರಶ್ನೆ, 720 ಅಂಕ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಬಯಾಲಜಿಯಲ್ಲಿ ಗಿಡ ಮರಗಳ ಪಾಲೂ ಇದೆ. ಡಿಪ್ಲೊಮಾದಲ್ಲಿ ಕಲಿಸುವುದು ಅಂಗರಚನೆ, ಸೂಕ್ಷ್ಮಜೀವಿಗಳು, ಎಕ್ಸ್‌ರೇ, ಉಪಕರಣ ಸ್ಟೆರಿಲೈಸ್ ಮಾಡುವುದು, ವಸಡಿನ ಕಾಯಿಲೆ, ಹಲ್ಲು ಕ್ಲೀನಿಂಗ್. ಈ ಎರಡು ವರ್ಷದಲ್ಲಿ ಫಿಸಿಕ್ಸ್ ಲೆಕ್ಕ ಮಾಡಿಸುವವರು ಯಾರೂ ಇಲ್ಲ. ಕೆಳದವಡೆಯ ನರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಆ ಹುಡುಗಿ ನಿದ್ದೆಯಲ್ಲೂ ಹೇಳುತ್ತಾಳೆ. ದ್ವಿದಳ ಸಸ್ಯದ ಕಾಂಡವನ್ನು ಅಡ್ಡ ಸೀಳಿದರೆ ಏನು ಕಾಣುತ್ತದೆ ಅನ್ನುವುದು ಅಷ್ಟು ಹೊತ್ತಿಗೆ ಪೂರ್ತಿ ಮರೆತಿರುತ್ತದೆ. ನೀಟ್ ಕೇಳುವುದು ಎರಡನೆಯದನ್ನು.

ವರ್ಷಗಳನ್ನೂ ಕೂಡಿಸಿ ನೋಡಿ. ಪಿಯುಸಿ ಆದ ಮೇಲೆ ಒಂದು ವರ್ಷ ಮಂಗಳೂರಲ್ಲೋ ಮೈಸೂರಲ್ಲೋ ಲಾಂಗ್ ಟರ್ಮ್ ಕೋಚಿಂಗ್ ತೆಗೆದುಕೊಂಡರೆ 1 ಮತ್ತು 5, ಒಟ್ಟು 6 ವರ್ಷ. ಡಿಪ್ಲೊಮಾ ಮಾಡಿ ಹೋದರೆ 2 ಮತ್ತು 5, ಒಟ್ಟು 7. ಅದೂ ಡಿಪ್ಲೊಮಾ ಓದುತ್ತಲೇ ನೀಟ್‌ಗೂ ತಯಾರಿ ಮಾಡಿ ಮೊದಲ ಸಲಕ್ಕೇ ಸೀಟು ಗಿಟ್ಟಿಸಿದರೆ. ಬೆಳಿಗ್ಗೆಯಿಂದ ಸಂಜೆವರೆಗೆ ಪೇಷೆಂಟ್‌ಗಳ ಬಾಯಿಯ ಮುಂದೆ ಬಗ್ಗಿ ನಿಂತು, ಕತ್ತು ಹಿಡಿದುಕೊಂಡು ಹಾಸ್ಟೆಲ್‌ಗೆ ಬಂದು, ರಾತ್ರಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಬಿಡಿಸುವ ಮಕ್ಕಳು ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ಕಮ್ಮಿ.

ಈ ಕಲ್ಪನೆ ಎಲ್ಲಿಂದ ಬಂತು ಅಂತ ಯೋಚಿಸಿದರೆ ನನಗೆ ಅನುಮಾನ ಇರುವುದು ಅಮೆರಿಕದ ವಿಡಿಯೊಗಳ ಮೇಲೆ. ಅಲ್ಲಿ ಹೈಜಿನಿಸ್ಟ್ ಆಗಿದ್ದವರು ಆಮೇಲೆ ಡೆಂಟಿಸ್ಟ್ ಆದ ಕಥೆ ಬೇಕಾದಷ್ಟು ಸಿಗುತ್ತದೆ. ನಮ್ಮ ಮಕ್ಕಳು ಅದನ್ನು ನೋಡಿ, ಇಲ್ಲೂ ಹಾಗೇ ಇರಬೇಕು ಅಂದುಕೊಳ್ಳುತ್ತಾರೆ. ಈ ಉದ್ಯೋಗ ಹುಟ್ಟಿದ್ದೇ ಅಲ್ಲಿ. ಕನೆಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಊರಿನಲ್ಲಿ ಆಲ್ಫ್ರೆಡ್ ಫೋನ್ಸ್ ಅನ್ನುವ ಡೆಂಟಿಸ್ಟ್ 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಕ್ಲೀನ್ ಮಾಡುವುದನ್ನು ಕಲಿಸಿದ. 1913ರಲ್ಲಿ ಇದಕ್ಕೆಂದೇ ಶಾಲೆ ತೆರೆದ. ಆದರೆ ಅಲ್ಲೂ ಹೈಜಿನಿಸ್ಟ್ ಆಗಿದ್ದವರನ್ನು ಕೈ ಹಿಡಿದು ಡೆಂಟಲ್ ಸ್ಕೂಲಿನ ಒಳಗೆ ಕೂರಿಸುವುದಿಲ್ಲ. ಸಾಮಾನ್ಯವಾಗಿ ಡಿಗ್ರಿ ಇರಬೇಕು. ಬಯಾಲಜಿ, ಫಿಸಿಕ್ಸ್, ಆರ್ಗ್ಯಾನಿಕ್ ಕೆಮಿಸ್ಟ್ರಿ ಓದಿರಬೇಕು. ಡಿಎಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಹೈಜಿನಿಸ್ಟ್ ಓದಿನಲ್ಲಿ ಕಲಿತ ಕೆಮಿಸ್ಟ್ರಿ ಎಷ್ಟೋ ಕಡೆ ಸಾಲುವುದಿಲ್ಲ, ಮತ್ತೆ ಕೂತು ಓದಬೇಕಾಗುತ್ತದೆ. ಅದೆಲ್ಲ ಆದ ಮೇಲೆ 4 ವರ್ಷ ಡೆಂಟಲ್ ಸ್ಕೂಲು. ವಿಡಿಯೊದಲ್ಲಿ ಕಾಣುವುದು ಕೊನೆಯ ದಿನದ ಬಿಳಿ ಕೋಟು ಮಾತ್ರ, ಅಲ್ವಾ?

ಹಾಗಾದರೆ ಈ ಕೋರ್ಸಿನಿಂದ ಬರುವುದೇನು? ನನ್ನ ಅನುಭವದಲ್ಲಿ, ಬಾಯಿಯ ಪರಿಚಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸಿದ್ದಾಪುರ ಕಡೆಯ ಒಂದು ತೋಟದಲ್ಲಿ ಹಲ್ಲಿನ ಕ್ಯಾಂಪ್ ಮಾಡಿದ್ದೆವು. ತೋಟದ ಕೆಲಸದವರ ಲೈನ್ ಮನೆಗಳ ಎದುರು ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಟಾರ್ಚು, ಕನ್ನಡಿ, ಪ್ರೋಬ್. ಜೊತೆಗೆ ಒಬ್ಬರು ಹೈಜಿನಿಸ್ಟ್ ಬಂದಿದ್ದರು, ಡಿಪ್ಲೊಮಾ ಆಗಷ್ಟೇ ಮುಗಿದಿತ್ತು. ಕುರ್ಚಿಯಲ್ಲಿ ಕೂತ ಅಜ್ಜಿಯ ಹಲ್ಲು ಎಲೆ ಅಡಿಕೆಯ ಕರೆಯಿಂದ ಕಪ್ಪಾಗಿತ್ತು. ನಾನಾಗಿದ್ದರೆ ಕರೆ ನೋಡಿ, ಎರಡು ಬುದ್ಧಿ ಮಾತು ಹೇಳಿ ಮುಂದಿನವರನ್ನು ಕರೆಯುತ್ತಿದ್ದೆ. ಈ ಹುಡುಗಿ ಸ್ಟೂಲು ಎಳೆದುಕೊಂಡು ಅಜ್ಜಿಯ ಪಕ್ಕ ಕೂತಳು.

"ಅಜ್ಜೀ, ಕಡ್ಡಿಪುಡಿ ಯಾವ ಕಡೆ ಇಟ್ಕೊಳ್ತೀರ?"

"ಎಡಗಡೆ ಮಗಾ."

"ಮಲಗುವಾಗ ಉಗಿದು ಮಲಗ್ತೀರಾ?"

ಅಜ್ಜಿ ನಕ್ಕರು. "ಅದಿಲ್ದೆ ನಿದ್ದೆ ಎಲ್ಲಿ ಬರುತ್ತೆ?"

ಹುಡುಗಿ ಎಡಗೆನ್ನೆಯನ್ನು ಕನ್ನಡಿಯಿಂದ ಸರಿಸಿ ಟಾರ್ಚು ಬಿಟ್ಟಳು. ಒಳಗೆ, ದವಡೆ ಹಲ್ಲಿನ ಪಕ್ಕದಲ್ಲಿ, ಉಜ್ಜಿದರೂ ಹೋಗದ ಬಿಳಿ ಮಚ್ಚೆ. ರಾತ್ರಿಯಿಡೀ ಹೊಗೆಸೊಪ್ಪು ಕೂರುತ್ತಿದ್ದ ಜಾಗ. ಇಂಥ ಮಚ್ಚೆಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗುತ್ತವೆ. ಅವಳು ನನ್ನನ್ನು ಕರೆದಳು, ಅಜ್ಜಿಯನ್ನು ಬಯಾಪ್ಸಿಗೆ ಕಳಿಸಿದೆವು. ಮಚ್ಚೆ ಏನು ಅಂತ ನಿರ್ಧರಿಸುವುದು ಅವಳ ಕೆಲಸ ಅಲ್ಲ. ಕಂಡುಹಿಡಿದವಳು ಅವಳೇ.

ಇನ್ನು ದಿನದ ಕೆಲಸ, ಸ್ಕೇಲಿಂಗ್. ಜನ ಕ್ಲೀನಿಂಗ್ ಅನ್ನುತ್ತಾರೆ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯನ್ನು ನಾಲಿಗೆಯಿಂದ ಮುಟ್ಟಿ ನೋಡಿ. ಒರಟಾಗಿದ್ದರೆ ಅದು ಟಾರ್ಟರ್. ನಾಲಿಗೆಯ ಕೆಳಗೆ ಎಂಜಲಿನ ನಾಳ ತೆರೆಯುವುದು ಅಲ್ಲೇ ಆದ್ದರಿಂದ ಅಲ್ಲಿ ಜಾಸ್ತಿ ಕಟ್ಟುತ್ತದೆ. ಹಲ್ಲಿನ ಮೇಲಿನ ಮೆತ್ತನೆಯ ಪಾಚಿಗೆ ಎಂಜಲಿನ ಖನಿಜ ಸೇರಿ, ಗಡಸು ನೀರು ಕಾಯಿಸಿದ ಪಾತ್ರೆಯ ತಳದ ಬಿಳಿ ಪದರದ ಹಾಗೆ ಗಟ್ಟಿಯಾಗುತ್ತದೆ. ಬ್ರಷ್‌ಗೆ ಬಗ್ಗುವುದಿಲ್ಲ. ಅದನ್ನು ಉಪಕರಣದಿಂದ ಕೀಳುವುದೇ ಸ್ಕೇಲಿಂಗ್. ಅಲ್ಟ್ರಾಸಾನಿಕ್ ಸ್ಕೇಲರ್‌ನ ತುದಿಯನ್ನು ಹಲ್ಲಿಗೆ ಚುಚ್ಚಬಾರದು, ಪಕ್ಕದಿಂದ ಹಗುರವಾಗಿ ತಾಗಿಸಬೇಕು. ಉಂಗುರದ ಬೆರಳು ಪಕ್ಕದ ಹಲ್ಲಿನ ಮೇಲೆ ಊರಿರಬೇಕು. ಪೇಷೆಂಟ್ ತಟ್ಟನೆ ತಲೆ ಅಲ್ಲಾಡಿಸಿದರೆ ಕೈಯೂ ಜೊತೆಗೇ ಹೋಗಬೇಕು, ಇಲ್ಲದಿದ್ದರೆ ವಸಡು ಹರಿಯುತ್ತದೆ. ಮೇಲಿನ ಹಲ್ಲಿನ ಒಳಬದಿ ನೇರವಾಗಿ ಕಾಣುವುದಿಲ್ಲ, ಕನ್ನಡಿಯಲ್ಲಿ ನೋಡಬೇಕು, ಅಲ್ಲಿ ಎಲ್ಲ ತಿರುಗುಮುರುಗು. ಬಿಡಿಎಸ್‌ನ ಮೂರನೇ ವರ್ಷದಲ್ಲಿ ನಮ್ಮ ಬ್ಯಾಚಿನ ಅರ್ಧ ಜನ ಒದ್ದಾಡಿದ್ದು ಇದೇ ಕನ್ನಡಿಯ ಜೊತೆ. ಹೈಜಿನಿಸ್ಟ್ ಆಗಿ ಬಂದವರಿಗೆ ಆ ಕಷ್ಟ ಇರುವುದಿಲ್ಲ.

ಅಂದ ಹಾಗೆ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅನ್ನುವುದು ಸುಳ್ಳು. ಟಾರ್ಟರ್ ಕೂತು ವಸಡು, ಮೂಳೆ ಮೊದಲೇ ಸವೆದಿರುತ್ತದೆ. ಅದನ್ನು ತೆಗೆದ ಮೇಲೆ ಸಂದು ಕಾಣುತ್ತದೆ, ಅಷ್ಟೇ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಆದ್ದರಿಂದ ಇಲ್ಲೂ ಸೇರಿಸಿದೆ.

ಈಗ ಕಹಿ ಮಾತು. ಕೆಲಸ ಎಲ್ಲಿದೆ? ನಮ್ಮ ಕಡೆಯ ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಸ್ಕೇಲಿಂಗ್ ಡಾಕ್ಟರೇ ಮಾಡುತ್ತಾರೆ. ಪಕ್ಕದಲ್ಲಿ ಎಂಜಲು ಎಳೆಯುವ ಸಕ್ಷನ್ ಪೈಪು ಹಿಡಿಯುವುದು ಅದೇ ಊರಿನ ಒಬ್ಬ ಹುಡುಗಿ, ಕೆಲಸ ನೋಡಿ ಕಲಿತವಳು. ಡಿಪ್ಲೊಮಾ ಇರುವವರಿಗೆ ಅದಕ್ಕಿಂತ ಜಾಸ್ತಿ ಸಂಬಳ ಕೊಡಲು ಸಣ್ಣ ಊರಿನ ಡಾಕ್ಟರು ಹಿಂದೆ ಮುಂದೆ ನೋಡುತ್ತಾರೆ. ಡೆಂಟಲ್ ಕಾಲೇಜು, ಬೆಂಗಳೂರಿನ ದೊಡ್ಡ ಕ್ಲಿನಿಕ್‌ಗಳು, ರೈಲ್ವೆಯ ಪ್ಯಾರಾಮೆಡಿಕಲ್ ನೇಮಕಾತಿ, ಇಂಥ ಕಡೆ ಹುದ್ದೆ ಇರುತ್ತದೆ. ಸೇನೆಯ ದಂತ ದಳದಲ್ಲೂ ಹೈಜಿನಿಸ್ಟ್‌ಗಳಿದ್ದಾರೆ. ಮನೆಗೊಬ್ಬರಂತೆ ಮಿಲಿಟರಿಗೆ ಹೋಗುವ ನಮ್ಮ ಜಿಲ್ಲೆಯಲ್ಲಿ ಇದನ್ನು ಯಾರೂ ಮಾತಾಡುವುದೇ ಇಲ್ಲ! ಸ್ವಂತ ಕ್ಲಿನಿಕ್ ಮಾತ್ರ ತೆರೆಯುವ ಹಾಗಿಲ್ಲ, ಡೆಂಟಿಸ್ಟ್ ಮೇಲ್ವಿಚಾರಣೆಯಲ್ಲೇ ಕೆಲಸ. ಬ್ರಿಟನ್ನಿನಲ್ಲಿ 2013ರಿಂದ ಪೇಷೆಂಟ್ ನೇರವಾಗಿ ಹೈಜಿನಿಸ್ಟ್ ಹತ್ತಿರ ಹೋಗಬಹುದು. ಇಲ್ಲಿ ಹಾಗಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಸಿಟ್ಟು ಎಲ್ಲಿದೆ ಅಂತಲೂ ಹೇಳಿಬಿಡುತ್ತೇನೆ. ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಾರೆ. ಡಿ ಫಾರ್ಮ ಮಾಡಿದವರಿಗೆ ಬಿ ಫಾರ್ಮ ಎರಡನೇ ವರ್ಷಕ್ಕೆ ದಾರಿ ಇದೆ. ಜಿಎನ್‌ಎಂ ಡಿಪ್ಲೊಮಾ ಮಾಡಿದ ನರ್ಸ್‌ಗೆ ಪೋಸ್ಟ್ ಬೇಸಿಕ್ ಬಿಎಸ್ಸಿ ಡಿಗ್ರಿ ಇದೆ. ಹೈಜಿನಿಸ್ಟ್‌ಗೆ ಮಾತ್ರ ಗೋಡೆ. ಯಾಕೆ?

ಎರಡನೇ ವರ್ಷಕ್ಕೆ ನೇರ ಸೇರಿಸಿ ಅಂತ ನಾನು ಕೇಳುವುದಿಲ್ಲ. ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯ ಆಳ ಡಿಪ್ಲೊಮಾದಲ್ಲಿ ಇರುವುದಿಲ್ಲ. ಅದನ್ನು ಹಾರಿಸಿದರೆ ಮುಂದೆ ಪೇಷೆಂಟ್‌ಗೇ ತೊಂದರೆ. ಹೀಗೆ ಮಾಡಬಹುದು: ನೀಟ್‌ನಲ್ಲಿ ಅರ್ಹತಾ ಅಂಕ ದಾಟಿರಬೇಕು, ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ ಇರಬೇಕು, ಒಂದಷ್ಟು ವರ್ಷ ಕೆಲಸ ಮಾಡಿರಬೇಕು. ಅಂಥವರಿಗೆ ಪ್ರತಿ ಕಾಲೇಜಿನಲ್ಲಿ ಒಂದೋ ಎರಡೋ ಸೀಟು, ಮೊದಲ ವರ್ಷಕ್ಕೇ. ಸೀಟಿಲ್ಲ ಅನ್ನುವ ನೆಪ ನಡೆಯುವುದಿಲ್ಲ. 2020-21ನೇ ಸಾಲಿನಲ್ಲಿ ದೇಶದಲ್ಲಿ ಸುಮಾರು 7,000 ಬಿಡಿಎಸ್ ಸೀಟು ಖಾಲಿ ಉಳಿದವು. ಅರ್ಹತಾ ಪರ್ಸೆಂಟೈಲನ್ನು 10 ಇಳಿಸಿ ತುಂಬಿಸಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಖಾಲಿ ಬಿಡುವ ಬದಲು ಕೈ ಪಳಗಿದವರಿಗೆ ಕೊಟ್ಟರೆ ಯಾರಿಗೆ ನಷ್ಟ? 1948ರ ಡೆಂಟಿಸ್ಟ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಮಾಡಿದರು. ಇಂಥದ್ದನ್ನು ಸೇರಿಸಲು ಒಳ್ಳೆಯ ಸಮಯ ಅದು.

ನಮ್ಮ ಜಿಲ್ಲೆಯಲ್ಲಿ ಡೆಂಟಲ್ ಕಾಲೇಜು ಇಲ್ಲದೆ ಇಲ್ಲ. ವಿರಾಜಪೇಟೆಯ ಮಗ್ಗುಲದಲ್ಲಿ 1999ರಿಂದ ಇದೆ. ಕೇರಳದಿಂದ, ಉತ್ತರ ಭಾರತದಿಂದ ಮಕ್ಕಳು ಬಂದು ಓದಿ ಹೋಗುತ್ತಾರೆ. ಓದು ಮುಗಿದ ಮೇಲೆ ಸಿದ್ದಾಪುರದಲ್ಲೋ ಶನಿವಾರಸಂತೆಯಲ್ಲೋ ಕ್ಲಿನಿಕ್ ಹಾಕಿ ಕೂರುವವರು ಯಾರು? ಲೈನ್ ಮನೆಯ ಅಜ್ಜಿಗೆ ಕಡ್ಡಿಪುಡಿ ಯಾವ ಕಡೆ ಅಂತ ಕೇಳಲು ಬರುವ ಹುಡುಗಿ ಡಾಕ್ಟರ್ ಆದರೆ ಇಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ ಅಂತ ನನಗೆ ಅನಿಸುತ್ತದೆ.

ಆ ದಾರಿ ಯಾವಾಗಲೋ ಆಗಬಹುದು. ಈಗ ಸೇರುವ ಮಕ್ಕಳಿಗೆ ಅದು ಇಲ್ಲ. ಹೋದ ವರ್ಷ ಅಮ್ಮತ್ತಿ ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. "ಡಾಕ್ಟ್ರೇ, ಅಡ್ವಾನ್ಸ್ ಕಟ್ಟೋದಕ್ಕೆ ನಾಳೆ ಕೊನೆ ದಿನ. ಹಾಕ್ಲಾ ಬೇಡ್ವಾ?" ನಾನು ಮಗಳನ್ನು ಕೇಳಿದೆ, ಬಿಡಿಎಸ್ ಯಾವತ್ತೂ ಸಿಗದಿದ್ದರೂ ಈ ಕೆಲಸ ಮಾಡ್ತೀಯಾ ಅಂತ. ಅವಳು ಅಪ್ಪನ ಮುಖ ನೋಡಿದಳು. "ಇಲ್ಲ ಮೇಡಂ, ನನಗೆ ಡಾಕ್ಟ್ರೇ ಆಗ್ಬೇಕು." ಹಾಗಿದ್ದರೆ ಈ ದುಡ್ಡನ್ನು ಕೋಚಿಂಗ್‌ಗೆ ಹಾಕಿ ಅಂದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ್ದಾಳೆ, ಗ್ರಾಮೀಣ ಕೋಟಾದ ಸರ್ಟಿಫಿಕೇಟ್ ಮೊದಲು ಮಾಡಿಸಿಟ್ಟುಕೊಳ್ಳಿ, ಸೀಟು ಹಂಚುವ ಕೆಇಎಯ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ದಾಖಲೆ ಪರಿಶೀಲನೆಯ ಹೊತ್ತಿಗೆ ಓಡಾಡಬೇಡಿ ಅಂತಲೂ ಹೇಳಿದೆ. ಅಪ್ಪನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಇನ್ನೊಂದು ವರ್ಷ ಮನೆಯಲ್ಲಿ ಕೂತರೆ ನಾಲ್ಕು ಜನ ಏನಂತಾರೆ ಅನ್ನುವುದು ಅವರ ಚಿಂತೆ.

ನೀಟ್‌ಗೆ ಮೇಲಿನ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದಿದ್ದಾರೆ, ಆ ಹೆದರಿಕೆ ಬೇಡ. ಹೈಜಿನಿಸ್ಟ್ ಆಗಿ ನಾಲ್ಕಾರು ವರ್ಷ ದುಡಿದು ಆಮೇಲೆ ಪರೀಕ್ಷೆ ಬರೆಯುತ್ತೇನೆ ಅನ್ನುವವರಿಗೂ ಕಾನೂನಿನ ಅಡ್ಡಿ ಇಲ್ಲ.

ಈ ಕೆಲಸವೇ ಬೇಕು ಅಂತ ಸೇರುವವರು ಮಾತ್ರ ಅಡ್ಮಿಷನ್‌ಗೆ ಮೊದಲು ಕಾಲೇಜಿನಲ್ಲಿ ವಿಚಾರಿಸಿ. ಕೋರ್ಸಿಗೆ ಮಾನ್ಯತೆ ಇದೆಯಾ, ಮುಗಿದ ಮೇಲೆ ರಾಜ್ಯ ದಂತ ಪರಿಷತ್ತಿನಲ್ಲಿ ಹೆಸರು ನೋಂದಣಿ ಆಗುತ್ತದಾ, ವಾರಕ್ಕೆ ಎಷ್ಟು ದಿನ ಚೇರ್ ಮುಂದೆ ನಿಲ್ಲಿಸುತ್ತಾರೆ, ಹೋದ ಬ್ಯಾಚಿನವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ. ಆರು ತಿಂಗಳ "ಡೆಂಟಲ್ ಅಸಿಸ್ಟೆಂಟ್" ಸರ್ಟಿಫಿಕೇಟನ್ನು ಹೈಜಿನಿಸ್ಟ್ ಅಂತ ಹೇಳಿ ಕೊಡುವವರೂ ಇದ್ದಾರೆ. ಅದರಿಂದ ನೋಂದಣಿ ಆಗುವುದಿಲ್ಲ. ಅನುಮಾನ ಇದ್ದರೆ ಪ್ರಾಸ್ಪೆಕ್ಟಸ್ ಫೋಟೊ ತೆಗೆದು ಮೆಸೆಂಜರ್‌ನಲ್ಲಿ ಕಳಿಸಿ. ಸಂಜೆ ಕ್ಲಿನಿಕ್ ಮುಚ್ಚಿದ ಮೇಲೆ ನೋಡಿ ಹೇಳುತ್ತೇನೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈ ಕೊಟ್ಟರೆ ಒಂದೆರಡು ದಿನ ತಡ ಆಗಬಹುದು.